ಮೊದಲು ಮಾಳಿಗೆ, ಆಮೇಲೆ ಸುಣ್ಣ: ಮಳೆ ಹಿಂದೆ ಸರಿದ ಮೇಲೆ ಹಳ್ಳಿ ಮನೆಯ ಕೆಲಸಗಳು

ಅಕ್ಟೋಬರ್ ಕೊನೆಗೆ ನನ್ನ ಫೋನಿಗೆ ಬರುವ ಫೋಟೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬೆಳ್ಳಗೆ ಸುಣ್ಣ ಬಳಿದ ಗೋಡೆ, ಅದರ ಮೇಲೆ ತೊಲೆಯ ತುದಿಯಿಂದ ಇಳಿದ ಕಂದು ಗೆರೆ. ಇಲ್ಲವೇ ಹೆಸರುಕಾಳಿನ ಚೀಲ, ಬಾಯಿ ಬಿಚ್ಚಿದರೆ ಕಾಳಿಗಿಂತ ಹಿಟ್ಟೇ ಜಾಸ್ತಿ. ಜೊತೆಗೆ ಒಂದೇ ಪ್ರಶ್ನೆ: ಎಲ್ಲಾ ಮಾಡಿದ್ವಿ, ಹಿಂಗ್ಯಾಕಾತು?

ಮಾಡಿದ್ದು ಖರೆ. ಹಿಂದುಮುಂದಾಗಿ ಮಾಡಿದ್ದೇ ತೊಂದರೆ. ಹಬ್ಬಕ್ಕೆ ಮನೆ ಚಂದ ಕಾಣಲಿ ಅಂತ ಮೊದಲು ಸುಣ್ಣ, ಆಮೇಲೆ ಟೈಮ್ ಸಿಕ್ಕರೆ ಮಾಳಿಗೆ, ಅಂದರೆ ಮನೆಯ ಮೇಲಿನ ಚಪ್ಪಟೆ ಮಣ್ಣಿನ ಛಾವಣಿ. ನೀರು ಇಳಿಯೋದು ಮೇಲಿಂದ ಕೆಳಗೆ. ಕೆಲಸವೂ ಹಾಗೇ ಇಳಿಯಬೇಕು: ಮಾಳಿಗೆ, ಹರನಾಳಿಗೆ (ಮಾಳಿಗೆಯ ನೀರು ಹೊರಗೆ ಬೀಳುವ ಕೊಳವೆ), ಗೋಡೆಯ ಬುಡ, ಗಿಲಾವು (ಗೋಡೆಗೆ ಮೆತ್ತುವ ಗಾರೆ), ಸುಣ್ಣ, ಕೊನೆಗೆ ಕಾಳು-ಕಡಿ.

ಗದಗ, ರೋಣ, ನರಗುಂದ, ನವಲಗುಂದ ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಲಘಟಗಿ, ಹಾನಗಲ್ಲ, ಹಿರೇಕೆರೂರು ಕಡೆಯ ಹೆಂಚಿನ ಮನೆಯವರು 3ನೇ ಹಂತ ಬಿಟ್ಟು 4ಕ್ಕೆ ಹೋಗಿ. ಆರ್‌ಸಿಸಿ ಹಾಕಿಸಿದವರಿಗೂ 5ರಿಂದ ಮುಂದಿನದು ಬೇಕಾಗುತ್ತದೆ.

## ಹಂತ 1: ದಿನ ಗೊತ್ತು ಮಾಡಿಕೊಳ್ಳಿ

ಹಬ್ಬ ನೋಡಿ ಕೆಲಸ ಹಿಡಿಯಬೇಡಿ, ಮಳೆ ನೋಡಿ ಹಿಡಿಯಿರಿ. ಹಬ್ಬಕ್ಕೆ ಚಂದ್ರನ ಲೆಕ್ಕ, ಮಳೆ ನಕ್ಷತ್ರಕ್ಕೆ ಸೂರ್ಯನ ಲೆಕ್ಕ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ಕ್ಕೆ ಬಂದಿತ್ತು. 2025ರಲ್ಲಿ ಅಕ್ಟೋಬರ್ 2ಕ್ಕೇ ಮುಗಿದುಹೋಯಿತು. ಮೂರು ವಾರದ ಫರಕು! ಮಳೆ ನಕ್ಷತ್ರ ಹೀಗೆ ಓಡಾಡುವುದಿಲ್ಲ. ಉತ್ತರಿ ಸೆಪ್ಟೆಂಬರ್ 13ರ ಸುಮಾರಿಗೆ ಕೂಡುತ್ತದೆ, ಹಸ್ತ 27ರ ಸುಮಾರಿಗೆ, ಚಿತ್ತಿ ಅಕ್ಟೋಬರ್ 10-11ಕ್ಕೆ, ಸ್ವಾತಿ 24ರ ಹೊತ್ತಿಗೆ, ವಿಶಾಖ ನವೆಂಬರ್ 6-7ಕ್ಕೆ. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಅಷ್ಟೆ.

ಬಯಲುಸೀಮೆಯಲ್ಲಿ ಸೆಪ್ಟೆಂಬರ್-ಅಕ್ಟೋಬರದ ಮಳೆಯೇ ಜೋರು. ಅದಕ್ಕೆ ಹೀಗೆ ಹಂಚಿಕೊಳ್ಳಿ. ಉತ್ತರಿ, ಹಸ್ತದ ನಡುವೆ ಬಿಸಿಲು ಬಿದ್ದಾಗ ಮಾಳಿಗೆ ಮುಗಿಸಿ. ಚಿತ್ತಿಯಲ್ಲಿ ಹೊಸದೇನೂ ಹಿಡಿಯದೆ ಕಾಯಿರಿ. ಹಿರಿಯರು ಅದಕ್ಕೆ ಕುರುಡು ಚಿತ್ತಿ ಅಂತಾರೆ, ಎಲ್ಲಿ ಸುರಿಯುತ್ತದೋ ಹೇಳಕ್ಕಾಗಲ್ಲ. ಸುರಿದರೆ ನಿಮ್ಮ ಮಾಳಿಗೆ ಕೆಲಸಕ್ಕೆ ಅದೇ ಪರೀಕ್ಷೆ. ಹೊರಗಿನ ಗಿಲಾವು, ಸುಣ್ಣ ಸ್ವಾತಿಯ ಜೋರು ಇಳಿದ ಮೇಲೆ.

ನವರಾತ್ರಿಗೆ ಘಟ್ಟ ಹಾಕುವ ಮನೆಯವರಿಗೆ ಅಷ್ಟು ದಿನ ಕಾಯಲಿಕ್ಕೆ ಆಗಲ್ಲ, ಗೊತ್ತು. ದೇವರ ಕೋಣೆ, ಪಡಸಾಲೆಯ ಒಳಗೋಡೆ ಇಷ್ಟೇ ಮೊದಲು ಮಾಡಿಕೊಳ್ಳಿ. ಹೊರಗೋಡೆ ಮುಟ್ಟಬೇಡಿ.

ಇನ್ನೊಂದು ಮಾತು. ಇದೇ ಹೊತ್ತಿಗೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತನೆ ನಡೆದಿರುತ್ತದೆ. ಆಳು ಸಿಗೋದಿಲ್ಲ. ಗೌಂಡಿಗೆ ಗಣಪತಿ ಹಬ್ಬದಲ್ಲೇ ಹೇಳಿ ಇಡಿ.

## ಹಂತ 2: ಬೀಗ ತೆಗೆದ ದಿನ

ತಿಂಗಳುಗಟ್ಟಲೆ ಹಾಕಿಟ್ಟ ಮನೆಯಾದರೆ ಮೊದಲ ದಿನ ಯಾವ ಕೆಲಸವೂ ಬೇಡ. ಬಾಗಿಲು, ಕಿಟಕಿ, ಬೆಳಕಿಂಡಿ ತೆಗೆದು ಗಾಳಿ ಆಡಲು ಬಿಡಿ. ಬೂಟು ಹಾಕಿ, ಕೈಯಲ್ಲಿ ಬ್ಯಾಟರಿ ಹಿಡಿದು ಒಳಗೆ ಹೋಗಿ. ಸುತ್ತಿಟ್ಟ ಚಾಪೆ, ಬೋರಲು ಹಾಕಿದ ಬುಟ್ಟಿ, ಕುಳ್ಳಿನ ರಾಶಿ, ಕಟ್ಟಿಗೆ ಗೂಡು ಇವನ್ನೆಲ್ಲ ಕೋಲಿನಿಂದ ಎಳೆದು ಸರಿಸಿ. ಬರಿಗೈ ಹಾಕಬೇಡಿ. ಮಳೆಗಾಲದಲ್ಲಿ ಇಲಿ ಮನೆ ಸೇರುತ್ತದೆ, ಇಲಿಯ ಹಿಂದೆ ಹಾವು. ಚೇಳಂತೂ ಕಲ್ಲು ಸಂದಿಯಲ್ಲಿ ಇದ್ದೇ ಇರುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟುಕೊಂಡು, 108ಕ್ಕೆ ಫೋನ್ ಮಾಡಿ ಇಲ್ಲವೇ ಸಿಕ್ಕ ಗಾಡಿಯಲ್ಲಿ ತಾಲೂಕು ಸರಕಾರಿ ಆಸ್ಪತ್ರೆಗೆ ಹೋಗಿ. ಕಟ್ಟು ಹಾವು ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ಗಾಯವೇ ಕಾಣುವುದಿಲ್ಲ. ಬೆಳಗ್ಗೆ ಹೊಟ್ಟೆನೋವು, ಕಣ್ರೆಪ್ಪೆ ಜೋತು ಬೀಳುವುದು ಕಂಡರೆ ತಡ ಮಾಡಬೇಡಿ.

ಸಾಮಾನು ಜೋಡಿಸಿಕೊಳ್ಳಿ: ಗಟ್ಟಿ ನಿಚ್ಚಣಿಕೆ, ಸಲಿಕೆ, ಗುದ್ದಲಿ, ಕುರ್ಚಿಗೆ, ನಾಲ್ಕೈದು ಬುಟ್ಟಿ, ಮಣ್ಣು ಸೋಸುವ ಜರಡಿ, ಕರಣೆ, ದಿಮ್ಮಸು, ತೂಗುಗುಂಡು, ಹಗ್ಗ, ಎರಡು ತಾಡಪತ್ರಿ. ತಾಡಪತ್ರಿ ಒಂದೇ ಸಾಕು ಅಂತ ಜಿಪುಣತನ ಮಾಡಬೇಡಿ. ಒಂದು ಮಾಳಿಗೆಗೆ, ಇನ್ನೊಂದು ಕಾಳಿಗೆ. ಮಳೆ ಬಂದಾಗ ಎರಡೂ ಒಟ್ಟಿಗೇ ಬೇಕಾಗುತ್ತವೆ.

## ಹಂತ 3: ಮಣ್ಣಿನ ಮಾಳಿಗೆ

ಇಲ್ಲಿ ಎಷ್ಟು ಹೊತ್ತು ಕಳೆದರೂ ಕಡಿಮೆಯೇ.

ಮೊದಲು ಕೆಳಗಿನಿಂದ ನೋಡಿ. ಹಗಲಲ್ಲೂ ಬ್ಯಾಟರಿ ಬಿಟ್ಟು ಜಂತಿ, ತೊಲೆ ನೋಡುತ್ತಾ ಹೋಗಿ. ತೊಲೆ ಗೋಡೆಯೊಳಗೆ ಹೋಗುವ ಜಾಗವೇ ಮುಖ್ಯ. ಅಲ್ಲಿ ಕಪ್ಪಾಗಿದೆಯಾ? ಕೆಳಗೆ ಸಣ್ಣ ಪುಡಿ ಬಿದ್ದಿದೆಯಾ? ಒರಲೆಯ ಮಣ್ಣಿನ ಗೆರೆ ಏರಿದೆಯಾ? ಸುತ್ತಿಗೆಯ ಹಿಡಿಯಿಂದ ತಟ್ಟಿ. ಗಟ್ಟಿ ಕಟ್ಟಿಗೆ ಟಣ್ ಅನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ಡಬ್ ಅನ್ನುತ್ತದೆ. ಚಾಕುವಿನ ತುದಿ ಬೆರಳುಗಾತ್ರ ಒಳಗೆ ಹೋದರೆ ಆ ಕೋಣೆಯ ಮೇಲೆ ಯಾರೂ ಹತ್ತಬಾರದು, ಕೆಳಗೆ ಯಾರೂ ಮಲಗಬಾರದು. ಕೆಳಗಿನಿಂದ ಕಂಬ ಕೊಟ್ಟು, ಬಡಿಗೇರರನ್ನು ಕರೆಸಿ.

ಮಳೆ ನಿಂತು ಎರಡು ದಿನ ಬಿಸಿಲು ಬಿದ್ದ ಮೇಲೆ ಹತ್ತಿ. ತೀರಾ ಹಸಿ ಇದ್ದಾಗ ಹತ್ತಿದರೆ ಕಾಲಿಟ್ಟಲ್ಲೆಲ್ಲ ಗುಂಡಿ. ತೀರಾ ಒಣಗಿದ ಮೇಲೆ ಹುಲ್ಲು ಬೇರು ಸಮೇತ ಬರುವುದಿಲ್ಲ. ಚಪ್ಪಲಿ ಬಿಟ್ಟು ನಡೆಯಿರಿ. ಎಲ್ಲಿ ಮೆತ್ತಗಿದೆ, ಎಲ್ಲಿ ಪೊಳ್ಳು ಅಂತ ಅಂಗಾಲಿಗೆ ತಿಳಿಯುತ್ತದೆ.

ಹುಲ್ಲು ಕೀಳಿ. ಸಣ್ಣ ಹುಲ್ಲನ್ನು ಕಿತ್ತು, ಆ ತೂತಿಗೆ ಕೂಡಲೇ ಪುಡಿ ಮಣ್ಣು ತುಂಬಿ ತುಳಿಯಿರಿ. ಕುಂಬಿಯ (ಮಾಳಿಗೆ ಅಂಚಿನ ಮೋಟು ಗೋಡೆಯ) ಸಂದಿಯಲ್ಲಿ ಎದ್ದ ಅರಳಿ, ಆಲದ ಸಸಿಯನ್ನು ಮಾತ್ರ ಜಗ್ಗಿ ಎಳೆಯಬೇಡಿ, ಕಲ್ಲೇ ಕಿತ್ತು ಬರುತ್ತದೆ. ಗೋಡೆಗೆ ಹತ್ತಿದ ಹಾಗೆ ಕತ್ತರಿಸಿ. ಚಿಗುರಿದರೆ ಮತ್ತೆ ಕತ್ತರಿಸಿ. ಸೋಲುವ ತನಕ ಬಿಡಬೇಡಿ.

ಹಳೆಯದನ್ನು ಕೆರೆದೇ ಹೊಸ ಮಣ್ಣು. ಸೋರಿದಾಗೆಲ್ಲ ಮೇಲೆ ಎರಡು ಬುಟ್ಟಿ ಮಣ್ಣು ಸುರಿಯುವುದು ನಮ್ಮ ಕಡೆ ರೂಢಿ. ಹತ್ತು-ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದೇ ಇಂಚು ಮಣ್ಣು ಏರಿಸಿದರೂ ಸುಮಾರು ನಾಲ್ಕೂವರೆ ಕ್ವಿಂಟಲ್ ಭಾರ. ನೆನೆದರೆ ಇನ್ನೂ ಜಾಸ್ತಿ. ಹೀಗೆ ಅಜ್ಜನ ಕಾಲದಿಂದ ಏರಿಸುತ್ತಾ ಬಂದ ಮಾಳಿಗೆಗಳು ಒಂದೂವರೆ ಅಡಿ ದಪ್ಪ ಆಗಿರುತ್ತವೆ. ಜಂತಿ ಪಾಪ ಎಷ್ಟು ಹೊರಬೇಕು? ಮೇಲಿನ ಸಡಿಲ ಪದರ ಕೆರೆದು ತೆಗೆದು, ಕೆರೆದಷ್ಟೇ ಹೊಸದು ಹಾಕಿ.

ಯಾವ ಮಣ್ಣು? ಕರಲು ಮಣ್ಣು, ಅಂದರೆ ಸವಳು. ಹೊಲಕ್ಕೆ ಅದು ಶನಿ, ಮಾಳಿಗೆಗೆ ಬಂಗಾರ. ನೀರು ಬಿದ್ದ ಕೂಡಲೇ ಕಣಕಣವೂ ಬಿಚ್ಚಿಕೊಂಡು ಸಂದಿ ಮುಚ್ಚುತ್ತದೆ, ಮೇಲೆ ಹುಲ್ಲೂ ಸುಲಭಕ್ಕೆ ಹುಟ್ಟುವುದಿಲ್ಲ. ಬರೀ ಎರೆ ಮಣ್ಣು ಹಾಕಲೇಬೇಡಿ. ಬಿಸಿಲಿಗೆ ಬಿರಿದು, ಮುಂದಿನ ಮಳೆಗೆ ಆ ಬಿರುಕಿನಿಂದಲೇ ನೀರು ಇಳಿಯುತ್ತದೆ. ಮಣ್ಣನ್ನು ಜರಡಿ ಹಿಡಿದು, ಒಣಗಿದ್ದಾಗಲೇ ಹರವಿ, ನೀರು ಚಿಮುಕಿಸಿ ದಿಮ್ಮಸಿನಿಂದ ಹಗುರಕ್ಕೆ ಬಡಿಯಿರಿ. ಕೆಸರು ಮಾಡಿ ಮೆತ್ತಿದರೆ ಬಿರಿಯುತ್ತದೆ.

ಇಳಿಜಾರು ನೋಡಿ. ಎತ್ತರದ ಮೂಲೆಯಲ್ಲಿ ನಿಂತು ಒಂದು ಕೊಡ ನೀರು ಸುರಿಯಿರಿ. ನೀರಿನ ಜೊತೆಗೇ ಕಣ್ಣು ಹರಿಯಲಿ. ಎಲ್ಲಿ ತಡೆದು ಅಂಗೈಯಷ್ಟು ನಿಂತಿತೋ ಅಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಮಣ್ಣು ಕೊಡಿ. ನೀರು ಪೂರಾ ಹರನಾಳಿಗೆಗೇ ಹೋಗಬೇಕು. ಹರನಾಳಿಗೆಯೊಳಗೆ ಗುಬ್ಬಿ ಗೂಡು, ಹಳೇ ಎಲೆ, ಪ್ಲಾಸ್ಟಿಕ್ ಹಾಳೆ ಏನಾದರೂ ಇದ್ದೇ ಇರುತ್ತದೆ, ಕೋಲು ಹಾಕಿ ತೆಗೆಯಿರಿ. ಅದರ ಮೂತಿ ಗೋಡೆಯಿಂದ ಕನಿಷ್ಠ ಒಂದು ಅಡಿ ಹೊರಗೆ ಚಾಚಿರಬೇಕು. ಅದರ ಕೆಳಗಿನ ಗೋಡೆ ಹಸಿರು ಪಾಚಿ ಕಟ್ಟಿದ್ದರೆ ಮೂತಿ ಮುರಿದಿದೆ ಅಂತಲೇ ಅರ್ಥ. ಬೆಳಕಿಂಡಿಯ ಸುತ್ತ ಮಣ್ಣಿನ ಏರಿ ನಾಲ್ಕು ಬೆರಳಾದರೂ ಎತ್ತರ ಇರಲಿ.

ಬಹಳ ಜನ ಎಡವುವುದು: ಸೋರುತ್ತದೆ ಅಂತ ಇಡೀ ವರ್ಷ ಪ್ಲಾಸ್ಟಿಕ್ ಹೊದಿಸಿ ಬಿಡುವುದು. ಮಳೆ ರಾತ್ರಿಗೆ ಸರಿ. ಬಿಸಿಲು ಬಿದ್ದ ದಿನ ತೆಗೆಯದಿದ್ದರೆ ಒಳಗಿನ ತೇವ ಆರದೆ ಜಂತಿ ಕೊಳೆಯುತ್ತದೆ. ಮಣ್ಣಿನ ಮೇಲೆ ಸಿಮೆಂಟ್ ಕಾಂಕ್ರೀಟ್ ಸುರಿಸುವುದು ಇನ್ನೂ ಕೆಟ್ಟದ್ದು. ಭಾರವೂ ಏರಿತು, ಒಂದೆರಡು ವರ್ಷಕ್ಕೆ ಬಿರುಕೂ ಬಿಟ್ಟಿತು. ಆ ಬಿರುಕಿಗೆ ಮಣ್ಣು ತುಂಬಿದರೆ ನಿಲ್ಲುವುದಿಲ್ಲ.

## ಹಂತ 4: ಹೆಂಚಿನ ಮನೆ

ಇದು ಬೇಗ ಮುಗಿಯುತ್ತದೆ. ಒಳಗೆ ಕತ್ತಲೆ ಮಾಡಿ ಮೇಲೆ ನೋಡಿ, ಬೆಳಕಿನ ಚುಕ್ಕಿ ಎಲ್ಲಿ ಕಂಡಿತೋ ಅಲ್ಲಿ ಹೆಂಚು ಸರಿದಿದೆ ಇಲ್ಲವೇ ಒಡೆದಿದೆ. ಒಡೆದ ಹೆಂಚಿನ ಬದಲು ಅದೇ ಅಳತೆಯ ಹೆಂಚು ಬೇಕು. ಬೇರೆ ಕಾರ್ಖಾನೆಯದು ತಂದರೆ ಕೊಂಡಿ ಕೂಡುವುದಿಲ್ಲ. ಅದಕ್ಕೆ ಹಳೆ ಮನೆ ಕೆಡವುವಲ್ಲಿ ಅಂಥದ್ದೇ ಹೆಂಚು ಸಿಕ್ಕರೆ ಇಪ್ಪತ್ತು ಎತ್ತಿಟ್ಟುಕೊಳ್ಳಿ. ಹತ್ತುವಾಗ ಹೆಂಚಿನ ನಡುವೆ ಕಾಲಿಡಬೇಡಿ, ಕೆಳಗೆ ರೀಪು ಇರುವ ಕಡೆ ಹಲಗೆ ಹಾಕಿ ಅದರ ಮೇಲೆ ನಡೆಯಿರಿ. ಪಾಚಿ ಕಟ್ಟಿದ ಹೆಂಚು ಬೆಳಗಿನ ಇಬ್ಬನಿಗೆ ಜಾರುತ್ತದೆ, ಹತ್ತು ಗಂಟೆಯ ಬಿಸಿಲು ಬರುವ ತನಕ ಕೆಳಗೇ ಇರಿ. ಇಳಿಯುವ ಮುಂಚೆ ದೋಣಿಯಲ್ಲಿ (ಹೆಂಚಿನ ನೀರು ಹರಿಯುವ ತಗಡಿನ ಕಾಲುವೆಯಲ್ಲಿ) ತುಂಬಿದ ಎಲೆ ಬಳಿದು ತೆಗೆಯಿರಿ.

## ಹಂತ 5: ಗೋಡೆಯ ಬುಡ ಮತ್ತು ನೀರಿನ ದಾರಿ

ಮಣ್ಣಿನ ಗೋಡೆ ಬೀಳುವುದು ಸಾಮಾನ್ಯವಾಗಿ ಬುಡದಿಂದ. ನೆತ್ತಿ ಗಟ್ಟಿ ಇದ್ದರೂ ಕಾಲು ನೆನೆದರೆ ಮುಗಿಯಿತು.

ಮನೆ ಸುತ್ತ ಒಂದು ಸುತ್ತು ಹಾಕಿ. ಹರನಾಳಿಗೆ ನೀರು ಬೀಳುವಲ್ಲಿ ಗುಂಡಿ ಬಿದ್ದಿದ್ದರೆ ಚಪ್ಪಡಿ ಕಲ್ಲು ಹಾಕಿ. ಬಚ್ಚಲ ನೀರು ಎಲ್ಲಿ ಹೋಗುತ್ತದೆ ನೋಡಿ. ಗೋಡೆಗೆ ಒರಗಿಸಿದ ತಿಪ್ಪೆ, ಕಟ್ಟಿಗೆ, ಇಟ್ಟಿಗೆ ರಾಶಿ ಎರಡು ಅಡಿ ಆಚೆ ಹೋಗಲಿ. ತೇವ ಹಿಡಿಯುವುದಲ್ಲದೆ, ಒರಲೆಗೆ ಅದೇ ಏಣಿ.

ಈಗಿನ ದೊಡ್ಡ ತಲೆನೋವು ಊರೊಳಗಿನ ಸಿಮೆಂಟ್ ರಸ್ತೆ. ಹಳೇ ರಸ್ತೆ ಅಗೆಯದೆ ಅದರ ಮೇಲೇ ಹಾಕುತ್ತಾ ಹೋಗಿ, ಎಷ್ಟೋ ಮನೆಗಳ ಕಟ್ಟೆ ಈಗ ರಸ್ತೆಗಿಂತ ತಗ್ಗು. ಮಳೆ ಬಂದರೆ ಗಟಾರದ ನೀರು ಹೊಸ್ತಿಲಿಗೇ. ಪಂಚಾಯತಿಗೆ ಅರ್ಜಿ ಕೊಡಿ, ಕೊಡಬೇಕಾದ್ದೇ. ಅದು ಆಗುವ ತನಕ ಹೊಸ್ತಿಲ ಮುಂದೆ ಗೇಣೆತ್ತರದ ಕಲ್ಲಿನ ಒಡ್ಡು ಕಟ್ಟಿಸಿ, ಗೋಡೆಯುದ್ದಕ್ಕೂ ಸಣ್ಣ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ಸಾಗಿಸಿ.

ಈ ಲಕ್ಷಣ ಕಂಡರೆ ಕೆಲಸ ನಿಲ್ಲಿಸಿ, ಅನುಭವಿ ಗೌಂಡಿಯನ್ನು ಕರೆಸಿ:

- ಗೋಡೆಗೆ ಹೊಟ್ಟೆ ಬಂದಿದೆ. ತೂಗುಗುಂಡು ಬಿಟ್ಟು ನೋಡಿ, ಮೇಲೆ ದಾರ ಗೋಡೆಗೆ ತಾಗಿ ಕೆಳಗೆ ನಾಲ್ಕು ಬೆರಳು ಸಂದಿ ಬಿಟ್ಟರೆ ಗೋಡೆ ಹೊರಕ್ಕೆ ವಾಲಿದೆ.
- ಮೂಲೆಯಲ್ಲಿ ಎರಡು ಗೋಡೆ ಬಿಟ್ಟುಕೊಂಡಿವೆ, ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ.
- ಬಾಗಿಲು ಇದ್ದಕ್ಕಿದ್ದಂತೆ ಹಾಕಲಿಕ್ಕೆ ಬರುತ್ತಿಲ್ಲ. ಮಳೆಗೆ ಕಟ್ಟಿಗೆ ಉಬ್ಬಿದ್ದಾದರೆ ಬಿಸಿಲಿಗೆ ಸರಿಹೋಗುತ್ತದೆ, ಚೌಕಟ್ಟೇ ವಾಲಿದ್ದರೆ ಹೋಗುವುದಿಲ್ಲ.

ಬಿರುಕು ಹಳೆಯದೋ ಬೆಳೆಯುತ್ತಿದೆಯೋ ಅನ್ನುವ ಅನುಮಾನ ಇದ್ದರೆ ಅಡ್ಡಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆದಿಡಿ. ಹದಿನೈದು ದಿನದಲ್ಲಿ ಹರಿದರೆ ಗೋಡೆ ಸರಿಯುತ್ತಿದೆ.

## ಹಂತ 6: ಗಿಲಾವು

ಮಸಾರಿ ಮಣ್ಣಿಗೆ ಜೋಳದ ಇಲ್ಲವೇ ಗೋಧಿಯ ಹೊಟ್ಟು, ಸ್ವಲ್ಪ ಸೆಗಣಿ ಬೆರೆಸಿ ತುಳಿದು, ವಾರವಾದರೂ ಕೊಳೆಯಲು ಬಿಡಿ. ದಿನಾ ನೀರು ಚಿಮುಕಿಸಿ ಮತ್ತೆ ತುಳಿಯಬೇಕು. ಹುಳಿ ವಾಸನೆ ಬಂದು, ಹೊಟ್ಟು ಬೆರಳಿಗೆ ಮೆತ್ತಗಾದರೆ ಹದ ಬಂತು. ಈ ಕೊಳೆಸುವ ವಾರವನ್ನೇ ಎಲ್ಲರೂ ನುಂಗಿಹಾಕುತ್ತಾರೆ. ಬೆಳಗ್ಗೆ ಕಲಸಿ ಮಧ್ಯಾಹ್ನ ಮೆತ್ತಿದ ಗಿಲಾವು ಸಂಕ್ರಾಂತಿ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ಬೀಳುತ್ತದೆ.

ಹಳೇ ಸಡಿಲ ಗಿಲಾವು ಕೆರೆದು, ಗೋಡೆಗೆ ನೀರು ಚಿಮುಕಿಸಿ, ಅರ್ಧ ಇಂಚಿನ ತೆಳು ಪದರ ಕೊಡಿ. ಅದು ಆರಿದ ಮೇಲೆ ಇನ್ನೊಂದು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಹಾಕಿಸಬೇಡಿ, ಗೌಂಡಿ ಎಷ್ಟೇ ಒತ್ತಾಯ ಮಾಡಲಿ. ಒಳಗಿನ ತೇವ ಹೊರಬರಲು ದಾರಿ ಇಲ್ಲದೆ, ಸಿಮೆಂಟಿನ ಹಿಂದೆ ಮಣ್ಣು ಪುಡಿಯಾಗುತ್ತದೆ. ಹೊರಗೆ ನೋಡಲು ಗಟ್ಟಿ, ತಟ್ಟಿದರೆ ಟೊಳ್ಳು.

## ಹಂತ 7: ಕೌದಿ, ಹಾಸಿಗೆ, ಅಟ್ಟ

ಗಿಲಾವು ಆರುವ ದಿನಗಳಲ್ಲಿ ಒಳಗಿನ ಕೆಲಸ ಹಿಡಿಯಿರಿ. ಕೌದಿ ಒಗೆಯಲು ಎರಡು ಪೂರ್ತಿ ಬಿಸಿಲಿನ ದಿನ ಬೇಕು. ಮೋಡ ಕಂಡರೆ ನೆನೆಹಾಕಬೇಡಿ. ರಾತ್ರಿ ವಾಷಿಂಗ್ ಸೋಡಾದ ಬಿಸಿನೀರಿನಲ್ಲಿ ನೆನೆಸಿ, ಬೆಳಗ್ಗೆ ಬಂಡೆ ಮೇಲೆ ತುಳಿದು ಒಗೆದು, ಬಂಡೆ ಮೇಲೇ ಹರವಿ. ನೆನೆದ ಕೌದಿಯ ಭಾರಕ್ಕೆ ತಂತಿ ಹರಿಯುತ್ತದೆ, ಕೌದಿಯ ಹೊಲಿಗೆಯೂ ಬಿಡುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಪದರ ಹಸಿ ಇರುತ್ತದೆ. ನಡುಭಾಗವನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ತಾಗಿದರೆ ಇನ್ನೊಂದು ಬಿಸಿಲು ಬೇಕು.

## ಹಂತ 8: ಸುಣ್ಣ

ಗೋಡೆ ಆರಿದೆಯಾ ಅಂತ ಕೈಯಿಟ್ಟು ನೋಡಿದರೆ ಸಾಲದು. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ. ಮರುದಿನ ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಿರಿ. ಬುಡದಲ್ಲಿ ಬಿಳೀ ಉಪ್ಪು ಎದ್ದಿದ್ದರೆ ಒಣ ಬಾರಿಗೆಯಿಂದ ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ.

ಕಲ್ಲುಸುಣ್ಣ ಅರಳಿಸುವಾಗ ಎಚ್ಚರ. ಅದು ಕುದಿಯುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ ಬಕೀಟು ಕರಗೀತು, ಕಬ್ಬಿಣದ ಡ್ರಮ್ಮು ಇಲ್ಲವೇ ನೆಲದ ಗುಂಡಿ ಬಳಸಿ. ಮೊದಲು ನೀರು, ಅದಕ್ಕೆ ಸ್ವಲ್ಪ ಸ್ವಲ್ಪವೇ ಸುಣ್ಣ. ಸುಣ್ಣದ ರಾಶಿಗೆ ನೀರು ಸುರಿದರೆ ಸಿಡಿಯುತ್ತದೆ. ಕನ್ನಡಕ, ತುಂಬು ತೋಳಿನ ಅಂಗಿ ಬೇಕೇ ಬೇಕು. ಮಕ್ಕಳು, ದನ ಹತ್ತಿರ ಸುಳಿಯಬಾರದು. ಕಣ್ಣಿಗೆ ಬಿದ್ದರೆ ಉಜ್ಜದೆ, ಕಾಲು ಗಂಟೆಯಾದರೂ ಸತತ ನೀರು ಹಾಕಿ ತೊಳೆದು, ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಅರಳಿದ ಸುಣ್ಣ ಎರಡು ಮೂರು ದಿನ ನೆನೆಯಲಿ. ಬಟ್ಟೆಯಲ್ಲಿ ಸೋಸಿ, ಚೂರು ಅಂಟು, ಚಿಟಿಕೆ ನೀಲಿ ಬೆರೆಸಿ, ಹಾಲಿಗಿಂತ ತುಸು ಮಂದ ಮಾಡಿಕೊಳ್ಳಿ. ತೆಳುವಾಗಿ ಮೂರು ಸಲ. ಹಸಿ ಇದ್ದಾಗ ಮಬ್ಬಾಗಿ ಕಾಣುತ್ತದೆ, ಆರಿದ ಮೇಲೆ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದವರು ಮೊದಲ ಸಲವೇ ದಪ್ಪ ಬಳಿಯುತ್ತಾರೆ. ಒರಗಿದವರ ಬೆನ್ನಿಗೆಲ್ಲ ಸುಣ್ಣ ಹತ್ತುವುದು ಅದಕ್ಕೇ.

ಮೊದಲು ಕಾಳಿನ ಕೋಣೆ, ಆಮೇಲೆ ಉಳಿದ ಒಳಗೋಡೆ. ಹೊರಗೋಡೆ ಎಲ್ಲಕ್ಕಿಂತ ಕೊನೆಗೆ.

## ಹಂತ 9: ಕಾಳು, ಶೇಂಗಾ, ಉಳ್ಳಾಗಡ್ಡಿ

ಹೆಸರು ಮಳೆಗಾಲದ ನಡುವೆಯೇ ಮನೆಗೆ ಬಂದಿರುತ್ತದೆ, ಶೇಂಗಾ ಈಗ ಬರುತ್ತಿರುತ್ತದೆ. ಎರಡೂ ಹಸಿ. ಎರಡನ್ನೂ ಹಾಗೇ ಚೀಲಕ್ಕೆ ತುಂಬಿ ಗೋಡೆಗೆ ಒರಗಿಸುವುದೇ ಎಲ್ಲ ತೊಂದರೆಗೆ ಮೂಲ.

ಒಣಗಿದೆಯಾ ನೋಡುವ ಬಗೆ. ಕಾಳನ್ನು ಹಲ್ಲಿಗೆ ಹಾಕಿ ಕಚ್ಚಿ. ಕಟ್ ಅಂದು ಎರಡಾದರೆ ಒಣಗಿದೆ, ಹಲ್ಲಿನ ಗುರುತು ಮೂಡಿದರೆ ಹಸಿ. ಇನ್ನೂ ಖಾತ್ರಿ ಬೇಕಾದರೆ ಒಣ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು ತುಂಬಿ, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ, ಒಂದು ನಿಮಿಷ ಅಲ್ಲಾಡಿಸಿ ಕಾಲು ಗಂಟೆ ಇಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳಿನಲ್ಲಿ ತೇವ 15 ಪರ್ಸೆಂಟಿಗಿಂತ ಜಾಸ್ತಿ ಇದೆ. ಅಂಟಲಿಲ್ಲ ಅಂತ ಬಿಸಿಲು ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಇಡುವ ಕಾಳು 10-12ಕ್ಕೆ ಇಳಿಯಬೇಕು. ಶೇಂಗಾ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಬೀಜ ಗಲಗಲ ಅನ್ನಬೇಕು.

ಬಿಸಿಲಿಗೆ ಹಾಕುವಾಗ ಎರಡು ಬೆರಳಿಗಿಂತ ದಪ್ಪ ಬೇಡ. ಗಂಟೆಗೊಮ್ಮೆ ಕಾಲಾಡಿಸಿ. ಸಂಜೆ ನಾಲ್ಕೂವರೆಗೆ ಒಟ್ಟುಗೂಡಿಸಿ ಮುಚ್ಚಿ, ಇಬ್ಬನಿ ಒಂದೇ ರಾತ್ರಿಯಲ್ಲಿ ದಿನದ ಬಿಸಿಲನ್ನು ತಿಂದುಹಾಕುತ್ತದೆ. ಚೀಲಕ್ಕೆ ತುಂಬುವುದು ಕಾಳು ಪೂರಾ ತಣ್ಣಗಾದ ಮೇಲೆ. ಬಿಸಿ ಬಿಸಿ ತುಂಬಿದರೆ ಒಳಗೆ ಬೆವರುತ್ತದೆ.

ಹೆಸರು, ಅಲಸಂದಿಯ ಹುಳ. ಒಂದು ಹಿಡಿ ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಹಸಿರು ಸಿಪ್ಪೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳೀ ಚುಕ್ಕಿ ಅಂಟಿಕೊಂಡಿದ್ದರೆ ಅವು ಮೊಟ್ಟೆ. ಮರಿ ಅಲ್ಲಿಂದ ನೇರ ಕಾಳಿನೊಳಗೆ ಕೊರೆದುಕೊಂಡು ಹೋಗುತ್ತದೆ. ಗುಂಡು ತೂತು ಕಾಣುವ ಹೊತ್ತಿಗೆ ದುಂಬಿ ಹೊರಬಂದು ಮುಂದಿನ ತಲೆಮಾರು ಶುರುವಾಗಿರುತ್ತದೆ. ಸೆಕೆ ಇದ್ದರೆ ಇದೆಲ್ಲ ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಮುಗಿಯುತ್ತದೆ, ಅದಕ್ಕೇ ಹದಿನೈದು ದಿನಕ್ಕೊಮ್ಮೆ ಚೀಲ ಬಿಚ್ಚಿ ನೋಡಬೇಕು. ಮನೆ ಬಳಕೆಯ ಕಾಳಿಗೆ ಕಿಲೋಗೆ 5 ಮಿ.ಲೀ. ಲೆಕ್ಕದಲ್ಲಿ ಅಡುಗೆ ಎಣ್ಣೆ ಹಚ್ಚಿ ಚೆನ್ನಾಗಿ ಉಜ್ಜಿ. 50 ಕಿಲೋ ಚೀಲಕ್ಕೆ ಕಾಲು ಲೀಟರ್. ಎಣ್ಣೆ ಹತ್ತಿದ ಕಾಳಿನ ಮೇಲೆ ಮೊಟ್ಟೆ ನಿಲ್ಲುವುದು, ಒಡೆಯುವುದು ಎರಡೂ ಕಡಿಮೆ. ಬೇಳೆ ಮಾಡಿಸಿಟ್ಟರೆ ಇನ್ನೂ ಒಳ್ಳೆಯದು, ಈ ಹುಳ ಇಡಿಗಾಳನ್ನೇ ಹುಡುಕುತ್ತದೆ.

ಅಂಗಡಿಯಲ್ಲಿ ಕದ್ದುಮುಚ್ಚಿ ಕೊಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಜನ ಮಲಗುವ ಮನೆಯಲ್ಲಿ ಇಡಬೇಡಿ. ಅದು ಬಿಡುವ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ, ಅದಕ್ಕೆ ಮದ್ದಿಲ್ಲ.

ಚೀಲ ಇಡುವ ಜಾಗ. ಹಳೇ ಚೀಲ ತಿರುವಿ ಹಾಕಿ ಬಿಸಿಲಿಗೆ ಒಣಗಿಸಿ. ನೆಲಕ್ಕೆ ಹಲಗೆ, ಗೋಡೆಯಿಂದ ಒಂದು ಮೊಳ ಬಿಡುವು. ಈ ಸಂದಿಯಲ್ಲಿ ನೀವು ಬ್ಯಾಟರಿ ಬಿಟ್ಟು ಇಲಿ ಹಿಕ್ಕೆ ನೋಡುವಂತಿರಬೇಕು. ಬೂಷ್ಟು ವಾಸನೆ ಬಂದ, ಬೀಜ ಕಪ್ಪಾದ ಶೇಂಗಾ ಆರಿಸಿ ಬಿಸಾಡಿ. ದನಕ್ಕೂ ಹಾಕಬೇಡಿ, ಎಣ್ಣೆಗೂ ಕೊಡಬೇಡಿ. ಆ ಬೂಷ್ಟಿನ ವಿಷ ಲಿವರಿಗೆ ಹೋಗುತ್ತದೆ, ಹುರಿದರೂ ಪೂರಾ ಹೋಗಲ್ಲ.

ಉಳ್ಳಾಗಡ್ಡಿ. ಮಳೆಗಾಲದ ಬೆಳೆ ಹೆಚ್ಚು ದಿನ ತಾಳುವುದಿಲ್ಲ, ರೇಟು ಏರಲಿ ಅಂತ ಸಂಕ್ರಾಂತಿ ತನಕ ಇಡುವ ಲೆಕ್ಕ ಹಾಕಬೇಡಿ. ಮನೆಗೆ ಬೇಕಾದಷ್ಟನ್ನು ಕುತ್ತಿಗೆ ಪೂರಾ ಒಣಗುವ ತನಕ ನೆರಳಲ್ಲಿ ಹರವಿ, ಒಂದು ಇಂಚು ತೊಟ್ಟು ಬಿಟ್ಟು ಕೊಯ್ದು, ಗಾಳಿ ಆಡುವ ಬಿದಿರ ಬುಟ್ಟಿಯಲ್ಲಿಡಿ.

ಹಗೇವು, ಅಂದರೆ ಕಾಳು ತುಂಬುವ ನೆಲದೊಳಗಿನ ಗುಂಡಿ ಇರುವವರು: ಬಾಯಿ ತೆಗೆದ ಕೂಡಲೇ ಇಳಿಯಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಅರ್ಧ ದಿನ ಬಾಯಿ ತೆರೆದಿಟ್ಟು, ಕೊಡೆ ಇಲ್ಲವೇ ಸೊಪ್ಪಿನ ಕೊಂಬೆ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಹೊಡೆಯಿರಿ. ಕಂದೀಲು ಇಳಿಬಿಟ್ಟಾಗ ಆರಿದರೆ ಖಂಡಿತ ಇಳಿಯಬಾರದು. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಿರಿ. ಒಳಗೆ ಒಬ್ಬರು ಬಿದ್ದರೆ ಎತ್ತಲು ಇನ್ನೊಬ್ಬರು ಇಳಿಯಬಾರದು, ಹಗ್ಗ ಹಿಡಿದು ಎಳೆಯಬೇಕು.

## ಹಂತ 10: ಹಿತ್ತಲು, ದನದ ಮನೆ, ನೀರು

ಬಣವೆ ಒಟ್ಟುವ ಮುಂಚೆ ಮೇವು ಒಣಗಿರಬೇಕು. ಹಸಿ ಶೇಂಗಾ ಹೊಟ್ಟು, ಗೋವಿನಜೋಳದ ಕಣಿಕೆ ಒಟ್ಟಿದರೆ ಒಳಗೇ ಕಾಯುತ್ತದೆ. ಮೂರನೇ ದಿನ ಬಣವೆಯೊಳಗೆ ಮೊಳಕೈ ತನಕ ಕೈ ಹಾಕಿ ನೋಡಿ. ಬಿಸಿ ತಡೆಯಲಿಕ್ಕೆ ಆಗದಿದ್ದರೆ ಕೂಡಲೇ ಬಿಚ್ಚಿ ಹರವಿ. ಕೆಳಗೆ ಕಲ್ಲು ಇಲ್ಲವೇ ಕಟ್ಟಿಗೆ ಹಾಸಿ, ಮನೆಯಿಂದಲೂ ಕರೆಂಟ್ ತಂತಿಯಿಂದಲೂ ದೂರ ಒಟ್ಟಿ. ಮುಂದೆ ದೀಪಾವಳಿ ಇದೆ, ಪಟಾಕಿ ಹಾರಿ ಬಂದು ಬೀಳುವ ದಿಕ್ಕೂ ಲೆಕ್ಕದಲ್ಲಿರಲಿ.

ಬಾವಿ ಇದ್ದರೆ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ 2.5 ಗ್ರಾಂ ಸಾಕು. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಎಷ್ಟು ಲೀಟರ್ ಅಂತ ಸಿಗುತ್ತದೆ. ಪುಡಿಯನ್ನು ಬಕೀಟಿನಲ್ಲಿ ಕಲಸಿ, ಗಸಿ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಹಾಕಿ. ಒಂದು ಗಂಟೆ ಬಿಟ್ಟು ಸೇದಿ. ಮುಂಡರಗಿ ಕಡೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಇದೆ. ಬ್ಲೀಚಿಂಗ್ ಹಾಕಿದರೂ ಕುದಿಸಿದರೂ ಅದು ಹೋಗುವುದಿಲ್ಲ, ಕುಡಿಯಲು ಬೇರೆ ನೀರೇ ತರಬೇಕು.

## ಎಳ್ಳಮಾವಾಸ್ಯೆ ತನಕ ದಿನದ ಪಾಳಿ

ದೊಡ್ಡ ಕೆಲಸ ಮುಗಿಯಿತು. ಇನ್ನು ಇರುವುದು ಸಣ್ಣಪುಟ್ಟದ್ದು, ಆದರೆ ತಪ್ಪಿಸುವಂತಿಲ್ಲ.

ಬೆಳಗ್ಗೆ ಕಸ ಹೊಡೆಯುವಾಗ ತೊಲೆಯ ಕೆಳಗೆ ಪುಡಿ ಬಿದ್ದಿದೆಯಾ ನೋಡಿ ಆಮೇಲೆ ಗುಡಿಸಿ. ಇಬ್ಬನಿ ಆರಿದ ಮೇಲೆ ಕಾಳು ಹೊರಗೆ, ಬಿಸಿಲು ಇಳಿಯುವ ಮುಂಚೆ ಒಳಗೆ. ಕುಳ್ಳು ತಟ್ಟಲು ಇದೇ ಒಳ್ಳೆ ಕಾಲ, ಹೊಸ ಸುಣ್ಣದ ಗೋಡೆಗೆ ಮಾತ್ರ ಬೇಡ. ವಾರದಲ್ಲಿ ಒಂದು ದಿನ ನೀರಿನ ತೊಟ್ಟಿ, ಬ್ಯಾರಲ್ಲು, ದನದ ಬಾನಿ ಪೂರಾ ಖಾಲಿ ಮಾಡಿ ತಿಕ್ಕಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಅಕಾಲದ ಮಳೆ ಬಂದು ಹೋದ ಮರುದಿನ ಮಾಳಿಗೆ ಹತ್ತಿ ಒಂದು ಸುತ್ತು ಹಾಕಿ, ನಾಲ್ಕು ಬುಟ್ಟಿ ಒಣ ಕರಲು ಮಣ್ಣು ಮೆಟ್ಟಿಲ ಕೆಳಗೆ ಯಾವಾಗಲೂ ಇರಲಿ.

ರಜೆ ಮುಗಿಸಿ ಮನೆ ಹಾಕಿಕೊಂಡು ಊರು ಬಿಡುವವರು ಗ್ಯಾಸ್ ರೆಗ್ಯುಲೇಟರ್ ಬಿಚ್ಚಿ, ಕರೆಂಟಿನ ಮೇನ್ ಇಳಿಸಿ, ಬಚ್ಚಲ ಕಿಂಡಿಗೆ ಜಾಳಿಗೆ ಬಡಿದು, ಚಾಪೆ-ಬುಟ್ಟಿಗಳನ್ನು ನೆಲದಿಂದ ಮೇಲೆ ನೇತುಹಾಕಿ. ಕಾಳನ್ನು ಮುಚ್ಚಿದ ಮನೆಯಲ್ಲಿ ಬಿಡಬೇಡಿ. ಬೀಗದ ಕೈ ಓಣಿಯಲ್ಲಿ ಒಬ್ಬರ ಹತ್ತಿರ ಕೊಟ್ಟು, ಮಳೆ ಬಂದರೆ ಹರನಾಳಿಗೆ ಹರಿಯುತ್ತಿದೆಯಾ ಅಂತ ಹೊರಗಿನಿಂದ ನೋಡಿ ಫೋನ್ ಮಾಡಲು ಹೇಳಿ. ಮಳೆ ಸುರಿಯುವಾಗ ಹರನಾಳಿಗೆಯಿಂದ ನೀರು ಬರುತ್ತಿಲ್ಲ ಅಂದರೆ ಅದು ಮಾಳಿಗೆ ಮೇಲೇ ನಿಂತಿದೆ, ಅವತ್ತೇ ಯಾರನ್ನಾದರೂ ಹತ್ತಿಸಬೇಕು.